ಪಡಸಾಲೆಯ ಬೇವಿನ ತೊಲೆ

ನಮ್ಮ ಪಡಸಾಲೆಗೆ ಬಿಳಿ ಸೀಲಿಂಗ್ ಬೇಕೆಂದು ಹಟ ಹಿಡಿದವಳು ನನ್ನ ಹೆಂಡತಿಯೇ. ಮಕ್ತಲ್‌ನಲ್ಲಿ ನಮ್ಮದು ಅಜ್ಜನ ಕಾಲದ ಮಣ್ಣಿನ ಮಾಳಿಗೆಯ ಮನೆ. ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ಮೂರು ದಪ್ಪ ತೊಲೆ, ತೊಲೆಗಳ ಮೇಲೆ ಅಡ್ಡಡ್ಡ ಜಂತಿ, ಜಂತಿಗಳ ಮೇಲೆ ತುಂಡು ಕಟ್ಟಿಗೆ, ಬೇವಿನ ಸೊಪ್ಪು, ಆಮೇಲೆ ಮಣ್ಣು. ಅಂಥ ಮನೆಯಲ್ಲಿ ಬೇಸಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಆದರೆ ಮೇಲೆ ಬೆಕ್ಕು ಓಡಿದರೂ ಕೆಳಗೆ ಮಣ್ಣು ಉದುರುತ್ತದೆ. ನಾರಾಯಣಪೇಟೆಯವರು ನಮ್ಮ ಮಗಳನ್ನು ನೋಡಲು ಬಂದ ದಿನ ಹುಡುಗನ ಸೋದರಮಾವನ ಉಗ್ಗಾಣಿ ತಟ್ಟೆಗೆ ನಿಂಬೆಕಾಯಿಯಷ್ಟು ಮಣ್ಣಿನ ಹೆಂಟೆ ಬಿತ್ತು. ಅವರು ನಕ್ಕು ತಟ್ಟೆ ಪಕ್ಕಕ್ಕಿಟ್ಟರು. ಮದುವೆಯೂ ಆಯಿತು. ಆದರೆ ನನ್ನ ಹೆಂಡತಿ ಅದನ್ನು ಮರೆಯಲಿಲ್ಲ.

"ಆವತ್ತ ನನ್ನ ಮಾರಿ ಎಲ್ಲಿ ಇಡಬೇಕಂತ ತಿಳೀಲಿಲ್ಲ" ಅನ್ನುತ್ತಿದ್ದಳು. ಮಗಳ ಮದುವೆಗೆ ಮೊದಲೇ ರಾಯಚೂರಿನಿಂದ ಕೆಲಸದವರು ಬಂದರು. ಕಬ್ಬಿಣದ ಪಟ್ಟಿಗಳನ್ನು ತೊಲೆಗಳಿಗೆ ತೂಗಿಬಿಟ್ಟು, ಕೆಳಗೆ ಬಿಳಿ ಹಲಗೆ ಕೂಡಿಸಿ, ನಡುವೆ ಒಂದು ಟ್ಯೂಬ್‌ಲೈಟು ಹಾಕಿಕೊಟ್ಟು ಹೋದರು. ಪಡಸಾಲೆ ಬ್ಯಾಂಕಿನ ಹಾಗೆ ಕಂಡಿತು. ತೊಲೆಗಳನ್ನು ನಾವು ಮರೆತೆವು. ಅದಕ್ಕೆ ಮುಂಚೆಯೂ ಅವು ಕಟ್ಟಿಗೆಯ ಹಾಗೆ ಕಾಣುತ್ತಿರಲಿಲ್ಲ. ಒಂದು ಸಲ ಉಗಾದಿಗೆ ಅವಳೇ ಸ್ಟೂಲಿನ ಮೇಲೆ ನಿಂತು ಅವಕ್ಕೆ ಹಸಿರು ಎಣ್ಣೆಬಣ್ಣ ಬಳಿದಿದ್ದಳು.

ನಾನು ಬಸ್ ಕಂಡಕ್ಟರ್. ನನ್ನ ಸರ್ವೀಸಿನ ಬಹುಭಾಗ ಮಕ್ತಲ್‌ಗೂ ರಾಯಚೂರಿಗೂ ನಡುವೆ ಕಳೆದಿದೆ. ಹೆಂಡತಿ ಬಿದ್ದ ದಿನ ನಾನು ರಾಯಚೂರು ಸ್ಟ್ಯಾಂಡಿನಲ್ಲಿದ್ದೆ. ಬಸ್ಸು ತುಂಬಿತ್ತು, ಡ್ರೈವರ್ ಸೀಟಿನಲ್ಲಿ ಕೂತಾಗಿತ್ತು. ಪಕ್ಕದ ಮನೆಯಾಕೆ ಫೋನ್ ಮಾಡಿದಳು.

"ಅಣ್ಣಾ, ಅಕ್ಕ ಹಿತ್ತಲದಾಗ ಬಿದ್ದಾಳ. ಅರಬಿ ಒಗಿಯಾಕ ಬಗ್ಗಿದಾಕಿ ಏಳಲಿಲ್ಲ. ಬಾಯಿ ಒಂದ ಕಡೆ ಹೋಗೈತಿ. ಆಟೋದಾಗ ದವಾಖಾನಿಗೆ ಒಯ್ಯಾಕ ಹತ್ತೀವಿ."

"ಬರ್ತೀನಿ" ಅಂದೆ. ಬರಲು ಇದ್ದದ್ದು ಅದೇ ಬಸ್ಸು. ನಾನು ಸೀಟಿ ಊದಿದೆ. ಊರು ದಾಟುವವರೆಗೆ ಟಿಕೆಟ್ ಕೊಟ್ಟೆ. ಕೃಷ್ಣಾ ಸೇತುವೆ ದಾಟಿ ತೆಲಂಗಾಣಕ್ಕೆ ಬಂದ ಮೇಲೆ ಹತ್ತಿದ ಹೆಂಗಸರಿಗೆ ಉಚಿತ ಪ್ರಯಾಣದ ಜೀರೋ ಟಿಕೆಟ್ ಹರಿದುಕೊಟ್ಟೆ, ಆಧಾರ್ ಕಾರ್ಡ್ ತೋರಿಸಿ ಎಂದು ಕೇಳಿದೆ. ಒಬ್ಬ ಮುದುಕಿಯ ಜತೆ ಕುರಿಮರಿಯ ವಿಷಯಕ್ಕೆ ವಾದವನ್ನೂ ಮಾಡಿದೆ. ನನ್ನ ಕೈ, ಬಾಯಿ ಎರಡೂ ತಮ್ಮ ಕೆಲಸ ಮಾಡುತ್ತಿದ್ದವು. ಎದೆಯಲ್ಲಿ ಏನಾದರೂ ಆಗುತ್ತದೇನೋ ಎಂದು ಕಾದೆ. ಏನೂ ಆಗಲಿಲ್ಲ. ಆವತ್ತಿನಿಂದ ಬಹಳ ತಿಂಗಳು ನಾನು ಹಾಗೆಯೇ ಇದ್ದೆ.

ಮಕ್ತಲ್‌ನಲ್ಲಿ ನೋಡಿದ ಡಾಕ್ಟರು ಲಕ್ವಾ ಎಂದರು. ಅಲ್ಲಿಂದ ಮಹಬೂಬ್‌ನಗರಕ್ಕೆ ಒಯ್ದೆವು. ಮೂರು ವಾರದ ಮೇಲೆ ಮನೆಗೆ ತಂದಾಗ ಅವಳ ಬಲಗೈ, ಬಲಗಾಲು ಬೇರೆ ಯಾರವೋ ಅನ್ನುವಂತೆ ಪಕ್ಕದಲ್ಲಿ ಬಿದ್ದಿರುತ್ತಿದ್ದವು. ಮಾತು ಹೋಗಿತ್ತು. ಉಳಿದದ್ದು ಮೂರೇ. "ಹೂಂ", "ಬ್ಯಾಡ", "ತೆಗಿ". ಸಂತೆಗೆ ಹೋದರೆ ಮಾರುವವನ ಬಾಯಿ ಮುಚ್ಚಿಸಿ ಬರುತ್ತಿದ್ದವಳು ಅವಳು.

ಮಂಚವನ್ನು ಪಡಸಾಲೆಯಲ್ಲೇ ಹಾಕಿದೆವು. ಬಚ್ಚಲು ಅಲ್ಲಿಂದ ಹತ್ತಿರ. ನೋಡಿಕೊಳ್ಳಲು ಗದ್ವಾಲ್‌ನಿಂದ ಅವಳ ಅಕ್ಕ ಬಂದರು. ಅವರು ಗಂಡನಿಲ್ಲದವರು. ಸೀರೆ ನೇಯುವವರ ಮನೆಗಳಿಗೆ ನೂಲಿನ ಕಂಡಿಕೆ ಸುತ್ತಿಕೊಟ್ಟು ಬದುಕುತ್ತಿದ್ದರು. ತಿಂಗಳೊಪ್ಪತ್ತು ಎಂದು ಬಂದವರು ವರ್ಷದ ಹತ್ತಿರ ನಿಂತರು. ನಾನು ಬೆಳಿಗ್ಗೆ ಡ್ಯೂಟಿಗೆ ಹೋಗಿ ಮಧ್ಯಾಹ್ನ ಮೂರಕ್ಕೆ ಬರುವಂತೆ ಪಾಳಿ ಹಾಕಿಸಿಕೊಂಡೆ. ಬಂದು ಹೆಂಡತಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಅವಳು ಮೇಲೆ ನೋಡುತ್ತಿದ್ದಳು, ನಾನು ಬಾಗಿಲಿನ ಕಡೆ ನೋಡುತ್ತಿದ್ದೆ. ಮೊದಮೊದಲು ಮಾತಾಡಿಸುತ್ತಿದ್ದೆ. ಉತ್ತರ ಬಾರದೆ ಹೋದಾಗ ಮಾತು ತಾನಾಗಿ ಕಮ್ಮಿಯಾಯಿತು. ಬಂದು ಹೋಗುವವರೂ ಅವಳ ತಲೆಯ ಮೇಲಿಂದ ನಮ್ಮಿಬ್ಬರನ್ನು ಕೇಳುತ್ತಿದ್ದರು, "ಹ್ಯಾಂಗದಾಳ?" ಎಂದು.

ಮಳೆಗಾಲ ಶುರುವಾದ ಮೇಲೆ ಒಂದು ಮಧ್ಯಾಹ್ನ ಅವಳು ಎಡಗೈಯನ್ನು ಮೇಲೆತ್ತಿ "ತೆಗಿ" ಅಂದಳು. ದಿಂಬು ತೆಗೆದೆವು. "ಬ್ಯಾಡ. ತೆಗಿ." ಹೊದಿಕೆ ತೆಗೆದೆವು. ಮತ್ತೆ ಕೈ ಮೇಲೆ. ನಾಲ್ಕೈದು ದಿನ ಇದೇ ನಡೆಯಿತು. ಕೊನೆಗೆ ಅಕ್ಕ ಅಂದರು, "ಆಕಿ ಮ್ಯಾಲಿನ ಸೀಲಿಂಗ್ ತೆಗಿ ಅನ್ನಾಕ ಹತ್ಯಾಳ ನೋಡ್ರಿ. ಇಡೀ ದಿನ ಆ ಬಿಳಿ ಹಾಳಿ ನೋಡಿ ನೋಡಿ ಜೀವಕ್ಕ ಉಸರಗಟ್ಟಿರತೈತಿ. ದವಾಖಾನ್ಯಾಗೂ ಬಿಳೀದು, ಮನ್ಯಾಗೂ ಬಿಳೀದು."

ಸೀಲಿಂಗಿನ ಒಂದು ಮೂಲೆಯಲ್ಲಿ ನೀರಿಳಿದು ಕಂದು ಕಲೆಯೂ ಬಿದ್ದಿತ್ತು. ನಾನು ಹೆಂಡತಿಯ ಕಡೆ ತಿರುಗಿ "ಇದನ್ನ ತೆಗಸಲೇನು?" ಅಂದೆ. "ಹೂಂ" ಅಂದಳು. ಆಗ ಅವಳು ಏನು ಕೇಳಿದರೂ ಹೂಂ ಅನ್ನುತ್ತಿದ್ದಳು ಎಂಬುದು ನಮಗೆ ಹೊಳೆಯಲಿಲ್ಲ. ನನಗೆ ಬೇಕೂ ಇರಲಿಲ್ಲ, ಬೇಡವೂ ಇರಲಿಲ್ಲ. ಬೇಡ ಅನ್ನುವುದಕ್ಕಿಂತ ಸರಿ ಅನ್ನುವುದು ಸಲೀಸು.

ಅವಳ ಮಂಚವನ್ನು ಒಳಕೋಣೆಗೆ ಸರಿಸಿದೆವು. ಇಬ್ಬರು ಕೆಲಸದವರು ಬಂದು ಒಂದೇ ಬೆಳಿಗ್ಗೆ ಹಲಗೆ ಕಿತ್ತು, ಕಬ್ಬಿಣದ ಪಟ್ಟಿ ಬಿಚ್ಚಿದರು. ಎಷ್ಟೋ ವರ್ಷದ ಧೂಳು ಕೆಳಗಿಳಿಯಿತು. ಅದರ ಜತೆ ಇಲಿ ಹಿಕ್ಕೆ, ಕಣಜದ ಗೂಡು, ಗುಬ್ಬಿ ತಂದಿಟ್ಟ ಹುಲ್ಲು. ಧೂಳು ಕುಳಿತ ಮೇಲೆ ತೊಲೆಗಳು ಕಂಡವು. ಹಸಿರು ಬಣ್ಣ ಅಲ್ಲಲ್ಲಿ ಒಡೆದು ಹಾವಿನ ಪೊರೆಯ ಹಾಗೆ ನೇತಾಡುತ್ತಿತ್ತು. ನಮ್ಮಪ್ಪ ಕುರಿ ಸಾಕಿದ್ದ ಕಾಲದಲ್ಲಿ ಕಂಬಳಿ ಗಂಟು ತೂಗಿಬಿಡುತ್ತಿದ್ದ ಕಬ್ಬಿಣದ ಕೊಂಡಿಗಳು ಹಾಗೇ ಇದ್ದವು. ನಡುವಿನ ತೊಲೆ ಬೀದಿ ಕಡೆಯ ಗೋಡೆಗೆ ಸೇರುವಲ್ಲಿ ಕೆಲಸದವನೊಬ್ಬ ಕೈಯಿಟ್ಟ. ಕೈ ಒಳಗೆ ಹೋಯಿತು.

"ಒರಲಿ ತಿಂದೈತ್ರೀ" ಅಂದ. "ಮೊಳದಷ್ಟು ಉಳದಿಲ್ಲ. ಬರೇ ಬಣ್ಣ ನಿಂತೈತಿ."

ತೊಲೆ ಎರಡು ಬೆರಳು ಕೆಳಗೆ ಜಗ್ಗಿತ್ತು. ಅದರ ಕೆಳಗೆ ಸರಿಯಾಗಿ ನನ್ನ ಹೆಂಡತಿಯ ತಲೆದಿಂಬು ಇರುತ್ತಿತ್ತು. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತುಬಿಟ್ಟರು. ನಾನು ಆ ತೂತಿನೊಳಗೆ ಬೆರಳು ಹಾಕಿ ಗೆದ್ದಲು ತಿಂದ ಪುಡಿ ತೆಗೆದು ನೋಡಿದೆ. ರವೆಯ ಹಾಗಿತ್ತು. ಹೆದರಬೇಕಾದ ಜಾಗ ಇದು ಎಂದು ಗೊತ್ತಾಗುತ್ತಿತ್ತು. ಹೆದರಿಕೆ ಬರಲಿಲ್ಲ.

ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿದರು. ಕೆಡವಿಬಿಡಿ, ಸ್ಲ್ಯಾಬ್ ಹಾಕಿಸಿ. ಎಲ್ಲರಿಗೂ ನಾನು ಹೌದು ಎಂದೆ. ಅಕ್ಕ ಮಾತ್ರ, "ಲಕ್ವಾ ಹೊಡದಾಕಿನ್ನ ಇಟಗೊಂಡು ಮನಿ ಕೆಡವತೀರೇನು? ಆಕಿನ್ನ ಎಲ್ಲಿ ಮಲಗಸ್ತೀರಿ?" ಎಂದು ಕೇಳಿ, ಗದ್ವಾಲ್‌ನ ಒಬ್ಬ ಬಡಿಗರಿಗೆ ಫೋನ್ ಮಾಡಿದರು. ಹಳೆಯ ಮನೆಗಳ ಬಾಗಿಲು, ತೊಲೆ ದುರಸ್ತಿ ಮಾಡುವವರು, ಅವರ ಓಣಿಯವರೇ.

ಬಡಿಗರು ಎರಡು ದಿನದ ಮೇಲೆ ಗೋಣಿಚೀಲದಲ್ಲಿ ಉಳಿ, ಬಾಚಿ, ಗರಗಸ ಹಾಕಿಕೊಂಡು ಬಸ್ಸಿನಲ್ಲಿ ಬಂದರು. ಎಪ್ಪತ್ತರ ಹತ್ತಿರದ ವಯಸ್ಸು. ಸಣಕಲು ಆಳು. ತೆಲುಗು ಬೆರೆತ ಕನ್ನಡ. ಪಡಸಾಲೆಯ ನಡುವೆ ಚಾಪೆ ಹಾಕಿಸಿಕೊಂಡು ಅಂಗಾತ ಮಲಗಿ ಅರ್ಧ ತಾಸು ಮೇಲೆ ನೋಡಿದರು. ಆಮೇಲೆ ಏಣಿ ಹತ್ತಿ ಸುತ್ತಿಗೆಯ ಹಿಡಿಯಿಂದ ಒಂದೊಂದೇ ತೊಲೆ ತಟ್ಟಿದರು. ಇಳಿದು ಬಂದು ನೇರ ಒಳಕೋಣೆಯ ಬಾಗಿಲಿಗೆ ಹೋಗಿ ನಿಂತು, ಮಲಗಿದ್ದ ನನ್ನ ಹೆಂಡತಿಯನ್ನು ಕೇಳಿದರು:

"ಅಮ್ಮಾ, ನಮಸ್ಕಾರ್ರೀ. ಈ ತೊಲಿ ಯಾವ ಕಟಗೀದು? ಬಣ್ಣ ಹಚ್ಚಿದಾಕಿ ನೀವಂತ. ಹಚ್ಚೂಮುಂದ ನೋಡಿರತೀರಿ."

"ಆಕಿಗೆ ಮಾತ ಬರಂಗಿಲ್ರೀ" ಅಂದೆ ನಾನು ಹಿಂದಿನಿಂದ.

"ಅಕ್ಕಾರ ಹೇಳ್ಯಾರ್ರೀ. ನಾ ಕೇಳೀನಿ, ಅಷ್ಟ" ಎಂದು ಅವರು ಅಲ್ಲೇ ಹೊಸ್ತಿಲ ಮೇಲೆ ಕೂತರು. ಬೀಡಿ ತೆಗೆದು, ಹಚ್ಚದೆ, ಬೆರಳಲ್ಲಿ ಹಿಡಿದುಕೊಂಡರು. ಅಕ್ಕ ಚಹಾ ತಂದುಕೊಟ್ಟರು. ಅದನ್ನೂ ಕುಡಿದು ಮುಗಿಸಿದರು. ನನಗೆ ಮುಜುಗರವಾಗತೊಡಗಿತು. ನನ್ನ ಹೆಂಡತಿಯ ಹಣೆ ಗಂಟಿಕ್ಕಿತ್ತು. ತುಟಿ ಎಡಕ್ಕೆ ಎಳೆಯಿತು, ನಿಂತಿತು, ಮತ್ತೆ ಎಳೆಯಿತು.

"ಬೇ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಬೇವ".

"ಅದ ನಾನೂ ಅನಕೊಂಡಿದ್ದೆ" ಎಂದು ಬಡಿಗರು ಎದ್ದರು. "ಬೇವಿಗೆ ಒರಲಿ ಸಲೀಸ ಹತ್ತಂಗಿಲ್ಲ. ಗ್ವಾಡಿ ಹಸೀ ಇತ್ತು, ಅದಕ್ಕ ಹತ್ತೈತಿ. ಉಳಿದದ್ದೆಲ್ಲಾ ಮಜಬೂತ್ ಐತಿ."

ಅಕ್ಕ ಅಡುಗೆಮನೆಗೆ ಹೋಗಿ ಅತ್ತರು. ನಾಲ್ಕು ತಿಂಗಳಲ್ಲಿ ಅವಳ ಬಾಯಿಂದ ಬಂದ ಮೊದಲ ಹೊಸ ಮಾತು ಅದು. ನಾನು ಬಡಿಗರ ಚಹಾ ಲೋಟ ಎತ್ತಿಟ್ಟೆ.

ಕೆಲಸ ಹೇಗೆ ಎಂದು ಬಡಿಗರು ವಿವರಿಸಿದರು. ತೊಲೆ ಕೆಟ್ಟದ್ದಕ್ಕಿಂತ ಮೇಲಿನ ಭಾರ ಹೆಚ್ಚಾದದ್ದು ದೊಡ್ಡ ತಪ್ಪು. ವರ್ಷ ವರ್ಷ ಮಳೆಗೆ ಮುಂಚೆ ಮಾಳಿಗೆಯ ಮೇಲೆ ಹೊಸ ಮಣ್ಣು ಹಾಕುತ್ತ ಬಂದಿದ್ದೆವು, ಹಳೆಯದನ್ನು ಯಾರೂ ತೆಗೆದಿರಲಿಲ್ಲ. ಮೊದಲು ಆ ಮಣ್ಣು ಇಳಿಯಬೇಕು. ಆಮೇಲೆ ತೊಲೆಗೆ ಕೆಳಗಿನಿಂದ ಆಸರೆ ಕೊಟ್ಟು, ತಿಂದ ತುದಿಯನ್ನು ಕೊಯ್ದು, ಅಲ್ಲಿಗೆ ಹಳೆಯ ಬೇವಿನದೇ ತುಂಡು ಜೋಡಿಸಬೇಕು. ಹೊಸ ಕಟ್ಟಿಗೆ ಆಗುವುದಿಲ್ಲ, ಅದು ಇನ್ನೂ ಬಾಗುತ್ತದೆ.

ಮಳೆ ಬಿಡುವು ಕೊಟ್ಟ ವಾರ ನಾಲ್ಕು ಆಳು ಹಚ್ಚಿ ಮಣ್ಣು ಇಳಿಸಿದೆವು. ಬೀದಿಯಲ್ಲಿ ಗುಡ್ಡೆ ಬಿತ್ತು. ಒಂದು ಪದರ ಕರಿ, ಒಂದು ಪದರ ಸುಣ್ಣದ ಹಾಗೆ ಬಿಳಿ, ಮತ್ತೆ ಕರಿ. ನಮ್ಮಪ್ಪ ಹಾಕಿದ್ದು ಯಾವುದು, ನಾನು ಹಾಕಿದ್ದು ಯಾವುದು ಗೊತ್ತಾಗಲಿಲ್ಲ. ಮೇಲೆ ತಾಡಪತ್ರಿ ಹೊದಿಸಿದೆವು. ಒಳಗೆ ಎರಡು ಸರ್ವೆ ಕಂಬ ನಿಲ್ಲಿಸಿ, ಲಾರಿ ಗ್ಯಾರೇಜಿನಿಂದ ತಂದ ಜಾಕಿಯಿಂದ ಬಡಿಗರು ತೊಲೆಯನ್ನು ದಿನಕ್ಕೆ ಒಂದು ನೂಲಿನಷ್ಟು ಎತ್ತಿದರು. ಒಂದೇ ಸಲಕ್ಕೆ ಎತ್ತಿದರೆ ಗೋಡೆ ಬಿಡುತ್ತದಂತೆ. ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು. ಪ್ರತಿ ಸಲ ಕಟ್ಟಿಗೆ ನರಳಿದಂಥ ಸದ್ದು ಬರುತ್ತಿತ್ತು. ಹೆಂಡತಿ ಒಳಕೋಣೆಯಿಂದ ಎಡಗೈ ಆಡಿಸುತ್ತಿದ್ದಳು. ಅವಳಿಗೆ ನೋಡಬೇಕಾಗಿತ್ತು. ಮಂಚವನ್ನು ತಿರುಗಿಸಿ ಬಾಗಿಲಿನಿಂದ ಪಡಸಾಲೆ ಕಾಣುವ ಹಾಗೆ ಹಾಕಿದೆವು.

ಕಟ್ಟಿಗೆ ತರಲು ನಾನೂ ಬಡಿಗರೂ ನಾರಾಯಣಪೇಟೆಗೆ ಹೋದೆವು. ಕೆಡವಿದ ಮನೆಗಳ ಸಾಮಾನು ಮಾರುವ ಜಾಗ ಅಲ್ಲಿ ಊರ ಹೊರಗಿದೆ. ಬಾಗಿಲು, ಕಿಟಕಿ, ಕಂಬ, ತೊಲೆ ಎಲ್ಲ ಬಯಲಲ್ಲಿ ಒಟ್ಟಿದ್ದರು. ಒಂದು ಬಾಗಿಲಿನ ಮೇಲೆ ಯಾರದೋ ಮಕ್ಕಳ ಎತ್ತರ ಗೀರಿದ ಗುರುತು, ಇನ್ನೊಂದರ ಮೇಲೆ ಅರಿಸಿನ ಕುಂಕುಮ ಇನ್ನೂ ಇತ್ತು. ಬಡಿಗರು ತೊಲೆಗಳ ಮೇಲೆ ಉಗುಳು ಹಚ್ಚಿ ಉಜ್ಜಿ, ಮೂಸಿ ನೋಡುತ್ತ ಹೋದರು. ನಾನು ಒಂದು ತೊಲೆಯ ಮೇಲೆ ಕೂತೆ. ಬಿಸಿಲಿತ್ತು. ಎಷ್ಟು ಮನೆಗಳು ಇಲ್ಲಿ ಬಿದ್ದಿವೆ ಎಂದು ಯಾರಾದರೂ ಮರುಗಬಹುದಾದ ಜಾಗ. ನನಗೆ ಕೂತ ಕಟ್ಟಿಗೆ ಬೆಚ್ಚಗಿದೆ ಅನ್ನುವುದಷ್ಟೇ ತಿಳಿಯುತ್ತಿತ್ತು.

ಮಧ್ಯಾಹ್ನ ಮಗಳ ಮನೆಯಲ್ಲಿ ಊಟ. ಬಡಿಗರು ಕೈ ತೊಳೆಯಲು ಹೊರಗೆ ಹೋದಾಗ ಮಗಳು ಕೇಳಿದಳು.

"ಅಪ್ಪಾ, ದೊಡ್ಡವ್ವ ಹೇಳಿದ್ಲು, ನೀ ಮನ್ಯಾಗ ಮಾತಾಡಂಗಿಲ್ಲಂತ. ಅವ್ವಗ ಮಾತ ಹೋಗೈತಿ. ನಿನಗ ಏನಾಗೈತಿ?"

"ಏನಿಲ್ಲವ್ವ."

"ಏನಿಲ್ಲ ಅಂದ್ರ ಹ್ಯಾಂಗ?"

ನಾನು ಸುಳ್ಳು ಹೇಳಿರಲಿಲ್ಲ. ನನಗೆ ಆಗಿದ್ದುದೇ ಏನೂ ಇಲ್ಲ ಅನ್ನುವುದು. ಮೊಸರು ಹಾಕು ಅಂದೆ. ಹಾಕಿದಳು. ಅವಳ ಕಣ್ಣು ತುಂಬಿತ್ತು.

ಬೇವಿನ ತುಂಡು ಸಿಕ್ಕಿತು, ನಮ್ಮದಕ್ಕಿಂತ ಕಪ್ಪಗಿನದು. ಬಡಿಗರು ಹಳೆಯ ತೊಲೆಯ ತುದಿಯನ್ನು ಓರೆಯಾಗಿ ಕೊಯ್ದು, ಹೊಸ ತುಂಡನ್ನೂ ಅದೇ ಓರೆಗೆ ಕೆತ್ತಿ, ಒಂದರ ಮೇಲೊಂದು ಕೂರುವ ಹಾಗೆ ಮೂರು ದಿನ ತಿದ್ದಿದರು. ಮೇಲೆತ್ತುವ ದಿನ ಅಕ್ಕ ಮೈಲಾರಲಿಂಗನ ಭಂಡಾರದ ಅರಿಸಿನಪುಡಿ ಪೊಟ್ಟಣ ತಂದರು. ಬಡಿಗರು ತುಂಡನ್ನು ಒಳಕೋಣೆಗೆ ಹೊತ್ತುಕೊಂಡು ಹೋಗಿ ಮಂಚದ ಪಕ್ಕ ಹಿಡಿದರು. "ನೀವ ಹಚ್ಚರಿ ಅಮ್ಮಾ." ನನ್ನ ಹೆಂಡತಿ ಎಡಗೈ ಬೆರಳಿಂದ ಭಂಡಾರ ಹಚ್ಚಿದಳು. ಅರ್ಧ ಹಾಸಿಗೆಗೆ ಬಿತ್ತು. ಆಮೇಲೆ ಉದ್ದನೆಯ ಕಬ್ಬಿಣದ ಬೋಲ್ಟುಗಳಿಂದ ಎರಡನ್ನೂ ಬಿಗಿದರು, ಗೋಡೆಯಲ್ಲಿ ತೊಲೆ ಕೂರುವ ಗೂಡಿಗೆ ಹಸಿ ತಾಗದಂತೆ ಕಲ್ಲು ಕೂಡಿಸಿದರು. ಜಾಕಿ ಇಳಿಸಿದಾಗ ತೊಲೆ ನಿಂತಿತು.

ಹಸಿರು ಬಣ್ಣ ತೆಗೆಯುವ ಕೆಲಸ ನನಗೆ ಬಂತು. ಔಷಧ ಬಳಿದರೆ ಬೇಗ ಬಿಡುತ್ತದೆ, ಆದರೆ ಅದರ ವಾಸನೆ ಮಲಗಿದವರಿಗೆ ಆಗದು ಎಂದರು ಬಡಿಗರು. ಒಡೆದ ಕಿಟಕಿ ಗಾಜಿನ ಚೂರುಗಳನ್ನು ಕೊಟ್ಟು, ಬಟ್ಟೆ ಸುತ್ತಿ ಹಿಡಿದು, ಎಳೆಯ ಜಾಡಿನಲ್ಲೇ ಕೆರೆಯುವುದನ್ನು ತೋರಿಸಿದರು. "ಎದುರು ಕೆರೀಬ್ಯಾಡ್ರಿ. ಕಟಗಿ ಯಾವ ಕಡೆ ಹೋಗತೈತಿ, ನೀವೂ ಆ ಕಡೆ ಹೋಗ್ರಿ."

ಎರಡು ಡ್ರಮ್ಮುಗಳ ಮೇಲೆ ಒಂದೊಂದು ಪೆಟ್ಟಿಗೆ ಇಟ್ಟು, ಅವುಗಳ ಮೇಲೆ ಹಲಗೆ ಹಾಕಿ ಅಟ್ಟಣಿಗೆ ಮಾಡಿಕೊಂಡೆ. ಡ್ಯೂಟಿಯಿಂದ ಬಂದು, ಖಾಕಿ ತೆಗೆದು, ಕಣ್ಣಿಗೆ ಕನ್ನಡಕ, ಮೂಗಿಗೆ ಟವೆಲ್ ಕಟ್ಟಿ, ಅಂಗಾತ ಮಲಗಿ ಕೆರೆಯುತ್ತಿದ್ದೆ. ಹಸಿರಿನ ಕೆಳಗೆ ನೀಲಿ ಇತ್ತು. ನೀಲಿಯ ಕೆಳಗೆ ಸುಣ್ಣ, ಸುಣ್ಣದ ಕೆಳಗೆ ಹೊಗೆ ಮೆತ್ತಿದ ಕರಿ. ಅದರ ಕೆಳಗೆ ಕೆಂಪಗಿನ ಬೇವು. ಒಂದು ಸಂಜೆಗೆ ಒಂದು ಗೇಣು ಆದರೆ ಹೆಚ್ಚು. ನನಗೆ ಅವಸರ ಇರಲಿಲ್ಲ. ಬಣ್ಣದ ಪುಡಿ ಗಡ್ಡದ ಮೇಲೆ ಬೀಳುತ್ತಿತ್ತು. ಆ ಎರಡು ತಾಸು ನನ್ನನ್ನು ಯಾರೂ ಹ್ಯಾಂಗದಾಳ ಎಂದು ಕೇಳುತ್ತಿರಲಿಲ್ಲ.

ಒಂದು ದಿನ ಹಾಗೆ ಕೆರೆಯುತ್ತಿದ್ದಾಗ ನನ್ನ ಬಲಗೈ ಹೋಯಿತು. ಗಾಜು ಬೆರಳಿಂದ ಜಾರಿ ಕೆಳಗೆ ಬಿದ್ದ ಸದ್ದು ಕೇಳಿದಾಗಲೇ ಗೊತ್ತಾದದ್ದು. ಭುಜದಿಂದ ಕೆಳಗೆ ಏನೂ ಇಲ್ಲ. ಎಡಗೈಯಿಂದ ಹಿಡಿದು ನೋಡಿದೆ. ಬೇರೆಯವರ ಕೈ ಹಿಡಿದ ಹಾಗಿತ್ತು. ನನಗೂ ಬಂತು ಎಂದುಕೊಂಡೆ. ಕೂಗಬಹುದಿತ್ತು. ಅಕ್ಕ ಅಂಗಳದಲ್ಲೇ ಇದ್ದರು, ಬಡಿಗರು ಹೊರಗೆ ಬಾಚಿ ಮಸೆಯುತ್ತಿದ್ದರು. ನಾನು ಕೂಗಲಿಲ್ಲ. ಮೂಗಿನಿಂದ ಒಂದು ಮೊಳ ದೂರದಲ್ಲಿದ್ದ ತೊಲೆಯನ್ನು ನೋಡುತ್ತ ಮಲಗಿದ್ದೆ. ಬರುವುದಾದರೆ ಬರಲಿ, ಇಬ್ಬರೂ ಪಕ್ಕಪಕ್ಕ ಮಲಗಿರೋಣ, ಅಷ್ಟೇ ತಾನೆ ಅನ್ನಿಸಿತು. ಆ ಯೋಚನೆಯಲ್ಲಿ ದುಃಖವೇನೂ ಇರಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿಯುವವರು ಯಾರು ಎಂದು ಯೋಚಿಸುವಷ್ಟೇ ಸಲೀಸಾಗಿ ಬಂತು.

ಸ್ವಲ್ಪ ಹೊತ್ತಿಗೆ ಬೆರಳ ತುದಿ ಚುಮುಗುಟ್ಟಿತು. ಇರುವೆ ಹರಿದ ಹಾಗೆ ಮೇಲೇರಿ, ಭುಜಕ್ಕೆ ಬಂದು, ಉರಿಯತೊಡಗಿತು. ಬರೀ ಜೋಮು ಹಿಡಿದಿತ್ತು. ತಲೆಯ ಮೇಲೆ ಕೈಯೆತ್ತಿ ಬಹಳ ಹೊತ್ತು ಕೆಲಸ ಮಾಡಿದ್ದೆ. ಇಳಿದು ನೀರು ಕುಡಿದೆ. ಒಳಕೋಣೆಯಿಂದ ಹೆಂಡತಿ ನನ್ನ ಕೈಯನ್ನೇ ನೋಡುತ್ತಿದ್ದಳು. ನಾನು ತಿಕ್ಕಿಕೊಳ್ಳುತ್ತಿದ್ದೆ.

"ಏ..ನು?" ಅಂದಳು.

"ಜೋಮ ಹಿಡದಿತ್ತು" ಅಂದೆ. "ಈಗ ಹೋತು."

ಅವಳು ತನ್ನ ಎಡಗೈಯಿಂದ ತನ್ನ ಬಲಗೈ ಎತ್ತಿ, ಬಿಟ್ಟಳು. ಅದು ಹಾಸಿಗೆಯ ಮೇಲೆ ಬಿತ್ತು. ಅವಳು ಹೇಳಿದ್ದು ನನಗೆ ತಿಳಿಯಿತು. ತನ್ನ ಜೋಮು ಹೋಗಿಲ್ಲ. ನಾನು ಹತ್ತಿರ ಹೋಗಿ ಕೂತು ಆ ಕೈಯನ್ನು ತಿಕ್ಕಿದೆ. ಡಾಕ್ಟರು ದಿನಕ್ಕೆ ಎರಡು ಸಲ ತಿಕ್ಕಿ ಎಂದಿದ್ದರು. ಅದುವರೆಗೆ ಅಕ್ಕನೇ ತಿಕ್ಕುತ್ತಿದ್ದರು. ಆವತ್ತಿನಿಂದ ಸಂಜೆಯದು ನನ್ನ ಪಾಲಿಗೆ ಬಂತು.

ಬಡಿಗರು ವಾರಕ್ಕೆ ನಾಲ್ಕು ದಿನ ನಮ್ಮಲ್ಲೇ ಉಳಿಯುತ್ತಿದ್ದರು. ಬೆಳಿಗ್ಗೆ ಚಹಾ ಆದ ಮೇಲೆ ಹೊಸ್ತಿಲಲ್ಲಿ ಕೂತು ನನ್ನ ಹೆಂಡತಿಗೆ ಏನಾದರೂ ಒಂದು ಕೇಳುತ್ತಿದ್ದರು. ಈ ಕೊಂಡಿ ಯಾತಕ್ಕಿತ್ತು? ಈ ಮನೆಗೆ ನೀವು ಬಂದಾಗ ಎಷ್ಟು ಕುರಿ ಇದ್ದವು? ಕೇಳಿ ಕಾಯುವುದು. ಬಂದರೆ ಸರಿ, ಬಾರದಿದ್ದರೆ "ನಾಳಿ ಹೇಳ್ರಿ" ಎಂದು ಎದ್ದು ಹೋಗುವುದು. ಕೆಲವು ಸಲ ನಾಳೆ ನಿಜವಾಗಿ ಹೇಳುತ್ತಿದ್ದಳು. ಕಂಬಳಿ, ಕುರಿ, ಅತ್ತಿ, ಹೊಗಿ. ಒಂದೊಂದೇ ಮಾತು, ಮಣ್ಣಿನಿಂದ ಕಿತ್ತ ಗೆಣಸಿನ ಹಾಗೆ, ಸೊಟ್ಟಗೆ.

ದಸರೆಯ ಹೊತ್ತಿಗೆ ಒಂದು ದಿನ ಬಡಿಗರು, "ಅಮ್ಮಾ, ಸೀಲಿಂಗ್ ತೆಗಸಿದ್ದು ಚೊಲೋ ಆತಿಲ್ರೀ? ನೀವು ತೆಗಿ ಅನ್ನದಿದ್ರ ಈ ಒರಲಿ ಯಾರಿಗೂ ಕಾಣತಿರಲಿಲ್ಲ" ಎಂದರು.

ಅವಳು ತಲೆ ಅಲ್ಲಾಡಿಸಿದಳು. "ಬ್ಯಾಡ. ಟೂಬ."

"ಏನ್ರೀ?"

"ಟೂಬ. ತೆಗಿ." ಎಡಗೈ ಬೆರಳುಗಳನ್ನು ಮುಚ್ಚಿ ತೆರೆದಳು, ಮುಚ್ಚಿ ತೆರೆದಳು. ಮಿಣುಕು ಮಿಣುಕು.

ಆಗ ನಮಗೆ ಹೊಳೆಯಿತು. ಸೀಲಿಂಗಿನ ನಡುವಿನ ಟ್ಯೂಬ್‌ಲೈಟು ಆ ಮಳೆಗಾಲದಲ್ಲಿ ಕೆಟ್ಟು ಮಿಣುಕುತ್ತಿತ್ತು. ಮಳೆಯ ಕತ್ತಲೆಗೆ ನಾವು ಅದನ್ನು ಹಗಲೂ ಹಾಕಿಡುತ್ತಿದ್ದೆವು. ಮಲಗಿದವಳ ಕಣ್ಣಿಗೆ ನೇರ ಅದೇ. ಅವಳು ತೆಗಿ ಅಂದದ್ದು ಆ ಟ್ಯೂಬನ್ನು. ನಾವು ಅದರ ಜತೆ ಸೀಲಿಂಗು, ಮಾಳಿಗೆಯ ಮಣ್ಣು ಎಲ್ಲ ತೆಗೆಸಿದ್ದೆವು.

ಅಕ್ಕ ಗೋಡೆ ಹಿಡಿದು ನಕ್ಕರು. ಬಡಿಗರೂ ನಕ್ಕರು. ನನ್ನ ಹೆಂಡತಿಯ ಎಡತುಟಿಯೂ ಮೇಲೇರಿತು. ನಾನು ಮಾತ್ರ ಕೇಳಿದೆ:

"ಮತ್ತ ಸೀಲಿಂಗ್ ಹಾಕಸಲೇನು?"

ಹೂಂ ಎಂದೇ ಬರುತ್ತದೆ ಎಂದುಕೊಂಡಿದ್ದೆ. ಅವಳು ಪಡಸಾಲೆಯ ಕಡೆ ನೋಡಿದಳು. ಅರ್ಧ ಕೆಂಪು, ಅರ್ಧ ಹಸಿರಾಗಿದ್ದ ತೊಲೆಗಳನ್ನು ನೋಡಿದಳು.

"ಮಣ್ಣ" ಅಂದಳು.

"ಮಣ್ಣ ಬೀಳದಂಗ ನಾ ಮಾಡತೀನ್ರೀ" ಎಂದರು ಬಡಿಗರು. "ಜಂತಿ ಮ್ಯಾಲೆ ಹಲಗಿ ಬಡದು, ಅದರ ಮ್ಯಾಲೆ ತಾಡಪತ್ರಿ ಹಾಸಿ, ಆಮ್ಯಾಲೆ ಅರ್ಧದಷ್ಟ ಮಣ್ಣ. ಅಷ್ಟ ಮಾಡಿದ ಮ್ಯಾಲೂ ಬಿದ್ರ ನನ್ನ ಕರೀರಿ."

ಅವಳು ಯೋಚಿಸಿದಳು. "ಹೂಂ." ಈ ಹೂಂ ಬೇರೆಯ ಥರ ಇತ್ತು. ತೂಕ ಮಾಡಿ ಕೊಟ್ಟದ್ದು.

ಹಾಗೇ ಮಾಡಿದೆವು. ದೀಪಾವಳಿ ಕಳೆದು ಒಂದು ತಿಂಗಳಿಗೆ ಮೂರೂ ತೊಲೆ ಬಣ್ಣ ಕಳಕೊಂಡವು. ಬಡಿಗರು ಅಗಸೆಎಣ್ಣೆ ಕಾಸಿ ಬಟ್ಟೆಯಿಂದ ಮೂರು ಸಲ ತಿಕ್ಕಿದರು. ಮನೆಯೆಲ್ಲ ಆ ವಾಸನೆ. ನನ್ನ ಅಂಗಿಗೂ ಹತ್ತಿ, ಬಸ್ಸಿನಲ್ಲಿ ಪಕ್ಕದವರು ಮೂಸಿ ನೋಡುವಂತಾಯಿತು. ಜೋಡಿಸಿದ ತುಂಡು ಉಳಿದದ್ದಕ್ಕಿಂತ ಕಪ್ಪಗೆ ಎದ್ದು ಕಾಣುತ್ತದೆ. ಒಂದೇ ಬಣ್ಣ ಮಾಡಬಹುದಿತ್ತು, ಬಡಿಗರು ಬೇಡ ಎಂದರು. ಎಲ್ಲಿ ಕೂಡಿದೆ ಎಂದು ಕಾಣುತ್ತಿದ್ದರೆ ಮುಂದೆ ಬಿರುಕು ಬಿಟ್ಟರೆ ಬೇಗ ಗೊತ್ತಾಗುತ್ತದೆ ಎಂಬುದು ಅವರ ಲೆಕ್ಕ.

ಮಂಚ ಮತ್ತೆ ಪಡಸಾಲೆಗೆ ಬಂತು, ತೊಲೆಯ ಕೆಳಗಲ್ಲ, ಪಕ್ಕಕ್ಕೆ. ಬಡಿಗರು ಹೊರಡುವ ದಿನ ಅವಳನ್ನು ದಿಂಬಿಗೆ ಒರಗಿಸಿ ಕೂರಿಸಿದ್ದೆವು. "ಮತ್ತ ಬರತೀನ್ರೀ ಅಮ್ಮಾ, ಒಂದು ಮಳೆ ಹೋದ ಮ್ಯಾಲೆ ನೋಡಾಕ" ಅಂದರು. "ಬರ್ರಿ" ಅಂದಳು. ಅವರು ಗೋಣಿಚೀಲ ಹೆಗಲಿಗೇರಿಸಿ ನಡೆದರು. ನಾನು ಬಸ್ ಸ್ಟ್ಯಾಂಡಿನವರೆಗೆ ಹೋಗಿ ಗದ್ವಾಲ್ ಬಸ್ಸಿನಲ್ಲಿ ಸೀಟು ಹಿಡಿದುಕೊಟ್ಟೆ. ಏನಾದರೂ ಹೇಳಬೇಕಾಗಿತ್ತು. ಕಂಡಕ್ಟರಿಗೆ ಅವರನ್ನು ಗಲ್ಲಿಯ ಹತ್ತಿರವೇ ಇಳಿಸು ಎಂದು ಹೇಳಿದೆ, ಅಷ್ಟೇ.

ಜನರು ಈಗ ಬಂದರೆ ತೊಲೆ ನೋಡುತ್ತಾರೆ. ಚೆಂದ ಆಗಿದೆ ಅನ್ನುತ್ತಾರೆ. ಫೋಟೋ ತೆಗೆದವರೂ ಇದ್ದಾರೆ. ಚೆಂದ ಇರಬೇಕು. ನಾನು ಅದನ್ನು ಅಷ್ಟು ಹತ್ತಿರದಿಂದ, ಅಷ್ಟು ದಿನ ನೋಡಿದ್ದೇನೆ, ಚೆಂದವೋ ಅಲ್ಲವೋ ಹೇಳಲಾರೆ. ಗಾಳಿ ಜೋರಾದಾಗ ಜಂತಿ ಸಂದಿಯಿಂದ ಒಂದು ಚೂರು ಧೂಳು ಈಗಲೂ ಬೀಳುತ್ತದೆ. ಆಗ ಅವಳು "ಒರಸು" ಅನ್ನುತ್ತಾಳೆ. ಒರೆಸುತ್ತೇನೆ.

ಸಂಕ್ರಾಂತಿ ಆದ ಮೇಲೆ ಅಕ್ಕ ಗದ್ವಾಲ್‌ಗೆ ಹೊರಟರು. ಹೆಂಡತಿ ಆಗ ಗೋಡೆ ಹಿಡಿದು ಬಚ್ಚಲಿಗೆ ನಾಲ್ಕು ಹೆಜ್ಜೆ ಇಡುತ್ತಿದ್ದಳು. ಹಗಲು ಪಕ್ಕದ ಮನೆಯಾಕೆ ಬಂದು ಕೂರುವುದೆಂದು ಮಾತಾಯಿತು. "ರೊಟ್ಟಿ ಬಡಿಯಾಕ ನಿಮಗ ಬರಂಗಿಲ್ಲ. ಅನ್ನಾ ಸಾರು ಮಾಡಕೋರಿ" ಎಂದು ಅಕ್ಕ ಒಲೆಯ ಮುಂದೆ ನಿಲ್ಲಿಸಿ ನನಗೆ ಎಲ್ಲ ತೋರಿಸಿಕೊಟ್ಟಿದ್ದರು. ಅವರನ್ನು ಬಸ್ಸು ಹತ್ತಿಸಿ ಬಂದು ಬೇಳೆ ಸಾರು ಮಾಡಿದೆ. ಅನ್ನ ಮಿದಿದು ಹೆಂಡತಿಗೆ ಉಣ್ಣಿಸಿದೆ. ಅವಳು ಎರಡು ತುತ್ತು ನುಂಗಿ ನನ್ನನ್ನೇ ನೋಡಿದಳು.

"ನೀ?" ಅಂದಳು.

"ಆಮ್ಯಾಲೆ ಉಣತೀನಿ."

"ಉಣ್ಣು."

ತಟ್ಟೆಗೆ ಹಾಕಿಕೊಂಡು ಮಂಚದ ಅಂಚಿನಲ್ಲಿ ಕೂತು ಒಂದು ತುತ್ತು ಬಾಯಿಗಿಟ್ಟೆ. ಸಾರಿಗೆ ಉಪ್ಪು ಹಾಕಿರಲಿಲ್ಲ. ಅದು ನಾಲಿಗೆಗೆ ತಿಳಿಯಿತು. ನಾನು ಅವಳನ್ನು ನೋಡಿದೆ. ಅವಳ ತುಟಿ ಎಡಕ್ಕೆ ಏರಿತ್ತು, ಅವಳಿಗೆ ಮೊದಲ ತುತ್ತಿಗೇ ಗೊತ್ತಾಗಿತ್ತು. ನಾನು ಎದ್ದು ಅಡುಗೆಮನೆಗೆ ಹೋಗಿ ಉಪ್ಪಿನ ಡಬ್ಬಿ ತಂದೆ.